ತಣ್ಣಗಾದ ಅಂಗೈ

ನಮ್ಮೂರಿನಲ್ಲಿ ಯಾರ ಕಾಲಿಗೆ ಗಾಜು ಚುಚ್ಚಿದರೂ ಮೊದಲು ಕರೆ ಬರುವುದು ನನಗೆ. ಬಳೆ ಮಾಡುವ ಊರು ನಮ್ಮದು. ಬೆಳಕು ಹರಿಯುತ್ತಲೇ ಒಲೆಗಳು ಹೊತ್ತಿಕೊಳ್ಳುತ್ತವೆ, ಬಿಸಿಲೇರುವಷ್ಟರಲ್ಲಿ ಬೀದಿಯ ತುಂಬ ಕೆಂಪು ಹಸಿರು ಚೂರು. ಚಪ್ಪಲಿ ಮೆಟ್ಟಿಕೊಳ್ಳಿ ಎಂದು ಇಪ್ಪತ್ತಾರು ವರ್ಷದಿಂದ ಬಾಯಿ ಬಡಿದುಕೊಂಡಿದ್ದೇನೆ, ಕೇಳುವವರು ಯಾರು? ದಿನಕ್ಕೆ ಹತ್ತು ಹನ್ನೆರಡು ಹಿಮ್ಮಡಿ, ಹೆಬ್ಬೆರಳುಗಳನ್ನು ಬಗ್ಗಿ ನೋಡಿ ನೋಡಿ ನನ್ನ ಸೊಂಟ ಬಿದ್ದುಹೋಗಿದೆ. ನನ್ನ ಹೆಸರು ದೇವೀರಮ್ಮ. ನಾನು ಈ ಊರಿನ ತೋರುಗಾತಿ.

ನನ್ನನ್ನು ಗುರುತು ಹಿಡಿಯುವುದು ಸುಲಭ. ತಲೆಯ ತುಂಬ ಜಡೆ. ಒಂದಲ್ಲ ಎರಡಲ್ಲ, ನೂರಾರು. ಎಲೆ ಉದುರಿದ ಮರದ ಕೊಂಬೆಗಳ ಹಾಗೆ ಎಲ್ಲ ಕಡೆಗೂ ಚಾಚಿಕೊಂಡಿರುತ್ತವೆ. ಸಂತೆಗೆ ಹೋಗುವ ದೋಣಿಯಲ್ಲಿ ನನ್ನ ಪಕ್ಕ ಯಾರೂ ಕೂರುವುದಿಲ್ಲ. ನನ್ನ ಹಸಿವೂ ಹಾಗೆಯೇ, ಎಷ್ಟು ಉಂಡರೂ ತೀರದು. ಬೀದಿಯ ಧೂಳು, ಗಾಯದ ಕೀವು, ಯಾರದೋ ಬ್ಯಾಂಡೇಜಿನ ಅಂಚು, ಎಲ್ಲವನ್ನೂ ನಾಲಿಗೆಯ ತುದಿಗೆ ತಾಗಿಸಿ ನೋಡುವುದೇ ನಮ್ಮ ಕಸುಬು. ಹೇಸಿಗೆ ಪಟ್ಟುಕೊಳ್ಳುವವರಿಗೆ ಇದು ಆಗುವುದಿಲ್ಲ. ಗಾಯದೊಳಗೆ ಗಾಜಲ್ಲದೆ ಹೊರಗಿನ ವಿಷ ಏನಾದರೂ ಹೊಕ್ಕು ಕೂತಿದ್ದರೆ ನಾಲಿಗೆಗೆ ತಿಳಿಯುತ್ತದೆ, ಆ ಕ್ಷಣವೇ ಹಸಿವು ನಿಂತುಹೋಗುತ್ತದೆ. ನುಂಗಿದ್ದು ಒಳಗೆ ಮುರಿದು ಚೂರು ಚೂರಾಗಿ ಒಂದೊಂದು ಜಡೆಯ ತುದಿಗೂ ಸಾಸಿವೆ ಕಾಳಿನಷ್ಟು ಬಂದು ನಿಲ್ಲುತ್ತದೆ. ಆಮೇಲೆ ಮಾಡುವುದು ಒಂದೇ ಕೆಲಸ, ಚಾವಡಿಗೆ ಓಡುವುದು. ಒಬ್ಬ ತೋರುಗಾತಿಗೆ ಜನ್ಮಕ್ಕೆ ಒಂದೇ ಓಟ. ನನ್ನ ಜೊತೆ ಜಡೆ ಹೆಣೆಸಿಕೊಂಡವರೆಲ್ಲ ಓಡಿ ಮುಗಿಸಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದರು. ನಾನು ಮಾತ್ರ ಧೂಳು ತಿಂದುಕೊಂಡು ಕಾದೆ. "ದೇವೀರಮ್ಮನ ಜಡೇಲಿ ಹೇನು ಬಿಟ್ರೆ ಬೇರೆ ಏನೂ ಬರಾಕಿಲ್ಲ ಬಿಡು" ಎಂದು ಊರಿನವರು ನಗುತ್ತಿದ್ದರು. ನಾನೂ ಅವರ ಜೊತೆ ನಗುತ್ತಿದ್ದೆ, ಮನೆಗೆ ಬಂದು ಪಾತ್ರೆ ಎತ್ತಿ ಕುಕ್ಕುತ್ತಿದ್ದೆ.

ಚಾವಡಿಯಲ್ಲಿ ನಮಗಾಗಿ ಕಾಯುವುದು ಅಂಗೈಗಳು. ನಮ್ಮೂರಲ್ಲಿ ಹುಟ್ಟಿದ ಒಬ್ಬೊಬ್ಬರ ಅಂಗೈಗೂ ಒಂದೊಂದು ವಸ್ತು ಗೊತ್ತು. ಒಂದೇ ಒಂದು, ಅದೂ ಹೆಚ್ಚಿನವರಿಗೆ ಜನ್ಮದಲ್ಲಿ ಕಂಡಿರದ ವಸ್ತು. ಅದು ಯಾವುದೆಂದು ಅವರಿಗೂ ತಿಳಿದಿರುವುದಿಲ್ಲ. ತೋರುಗಾತಿ ಜಡೆಯ ತುದಿಯನ್ನು ತಾಗಿಸಿದಾಗ ಆ ಚೂರು ಅವರದೇ ಆಗಿದ್ದರೆ ಕೈ ಬಿಸಿಯಾಗುತ್ತದೆ. ಆ ಬಿಸಿ ಕೈ ಹಿಡಿದವರಿಗೆ ಹತ್ತುತ್ತದೆ, ಅವರಿಂದ ಇನ್ನೊಬ್ಬರಿಗೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಊರಿಗೆ ಊರೇ ಎದ್ದು ರೋಗಿಯ ಮನೆಗೆ ನಡೆಯುತ್ತದೆ. ಹಸಿ ಗಾಯದ ಮೇಲೆ ನೇರವಾಗಿ ಕೈಯಿಟ್ಟರೆ ಏನೂ ಆಗದು, ತೋರುಗಾತಿ ಮುರಿದು ತೋರಿಸಿದ ಚೂರೇ ಬೇಕು. ಅದಕ್ಕೇ ಜನ ದಿನಾ ಬೆಳಗ್ಗೆ ಒಂದು ಗಂಟೆ ಚಾವಡಿಯಲ್ಲಿ ಅಂಗೈ ಬಿಚ್ಚಿಕೊಂಡು ಕೂತು ಏಳುತ್ತಾರೆ. ಕೈಗೆ ಕೆಲಸವಿಲ್ಲದ ಮೇಲೆ ಬಾಯಿಗೆ ಕೆಲಸ ತಾನೇ? ಊರಿನ ಅರ್ಧ ಮದುವೆಗಳು ಗೊತ್ತಾಗುವುದು ಅಲ್ಲೇ, ಮುರಿದುಬೀಳುವುದೂ ಅಲ್ಲೇ. ತೋರುಗಾತಿ ಓಡಿ ಬಂದ ದಿನ ಚಾವಡಿಯ ಮಣ್ಣಿನ ಗೋಡೆಗಳು ಊದಿಕೊಳ್ಳುತ್ತವೆ. ಪಕ್ಕದ ಹೋಟೆಲಿನವನು ತನ್ನ ಬೆಂಚುಗಳನ್ನು ಎರಡು ಮಾರು ಆಚೆಗೆ ಎಳೆದುಕೊಳ್ಳುತ್ತಾನೆ.

ತೋರಿಸುವುದಕ್ಕೂ ಒಂದು ಕ್ರಮವಿದೆ. ಚೂರು ತಾಗಿಸಿದರೆ ಸಾಲದು, ನೋವನ್ನೂ ಹೇಳಬೇಕು. ಯಾರಿಗೆ, ಎಲ್ಲಿ, ಹೇಗೆ ನರಳುತ್ತಿದ್ದಾರೆ ಎಂದು. ಎರಡೂ ಒಟ್ಟಿಗೆ ಸಿಕ್ಕಿದರೆ ಮಾತ್ರ ಅಂಗೈ ಎಚ್ಚರವಾಗುತ್ತದೆ. ನೋವು ಹೇಳದೆ ಬರೀ ಚೂರು ತೋರಿಸಿದರೆ ಒಂದು ಸಲ ಬೆಚ್ಚಗಾಗಿ, ಆಮೇಲೆ ತಣ್ಣಗಾಗಿ ಮಲಗಿಬಿಡುತ್ತದೆ. ಅದೂ ಬೇಕು ಅನ್ನಿ. ಹಿಟ್ಟಿನ ಧೂಳು, ಬೆಕ್ಕಿನ ಕೂದಲು, ಪಕ್ಕದ ಮನೆಯವರ ಬೆವರು, ಇಂಥವನ್ನು ಬಲ್ಲ ನಾಲ್ಕಾರು ಅಂಗೈಗಳನ್ನು ನಾವು ಬಾಯಿ ಮುಚ್ಚಿಕೊಂಡು ತೋರಿಸಿ ಮಲಗಿಸುತ್ತೇವೆ. ಇಲ್ಲದಿದ್ದರೆ ರೊಟ್ಟಿ ತಟ್ಟುವವಳ ಮೇಲೂ ಊರು ಬಿಸಿಯಾಗಿ ಎದ್ದುಹೋದೀತು.

ಹನ್ನೊಂದು ವರ್ಷದ ಹಿಂದೆ ಚಾವಡಿಯ ಯಜಮಾನ ಮರಿಬಸವಯ್ಯನವರಿಗೆ ಒಂದು ಯೋಚನೆ ಹೊಳೆಯಿತು. ಒಳ್ಳೆಯ ಮನುಷ್ಯ, ಆದರೆ ಅಚ್ಚುಕಟ್ಟಿನ ಹುಚ್ಚು. ರೋಗ ಬಂದಾಗ ಆರುನೂರು ಜನರಲ್ಲಿ ಹುಡುಕುವುದು ಯಾಕೆ, ಯಾವ ಅಂಗೈಗೆ ಯಾವುದು ಗೊತ್ತೆಂದು ಮೊದಲೇ ನೋಡಿಟ್ಟುಕೊಂಡರಾಯಿತಲ್ಲ ಎಂದರು. ಎಲ್ಲರಿಗೂ ಸರಿ ಎನಿಸಿತು. ನನಗೂ ಎನಿಸಿತು, ಸುಳ್ಳು ಯಾಕೆ ಹೇಳಲಿ. ಹಳೆಯ ತೋರುಗಾತಿಯರು ಒಣಗಿಸಿಟ್ಟಿದ್ದ ಚೂರುಗಳ ಶೀಶೆಗಳು ಅಟ್ಟದ ಮೇಲಿದ್ದವು. ಅವುಗಳ ಮೇಲೆ ಹೆಸರಿರಲಿಲ್ಲ, ಬರೀ ಅಂಕಿ ಇತ್ತು. ನಾವು ಶೀಶೆ ಹಿಡಿದು ಸಾಲಾಗಿ ತೋರಿಸುತ್ತಾ ಹೋದೆವು. ಊರಲ್ಲಿ ಆಗ ಯಾರಿಗೂ ಜ್ವರವಿರಲಿಲ್ಲ, ಹೇಳಲು ನೋವೂ ಇರಲಿಲ್ಲ. ಒಣಗಿದ ಹಳೆಯ ಚೂರಿಗೆ ಆ ಕ್ರಮವೆಲ್ಲ ಬೇಡ ಎಂದುಕೊಂಡೆವು. "ಮೂರನೇ ಶೀಶೆ" ಎಂದು ನನ್ನ ಗಂಡ ಬೋರಲಿಂಗಯ್ಯನವರ ಅಂಗೈಗೆ ತಾಗಿಸಿದೆ. ಅವರ ಮುಖ ಅರಳಿತು. "ದೇವೀರಿ, ನಂದೇ ಕಣೆ ಇದು! ಬಿಸಿ ನೋಡು" ಎಂದು ನನ್ನ ಕೆನ್ನೆಗೆ ಕೈಯಿಟ್ಟರು. ನಿಜವಾಗಿಯೂ ಬಿಸಿಯಿತ್ತು. ನಾನು ಹೂಂ ಎಂದು ತಲೆಯಾಡಿಸಿ ಮುಂದಿನವರ ಹತ್ತಿರ ಹೋದೆ. ತಿರುಗಿ ನೋಡುವಷ್ಟರಲ್ಲಿ ಅವರು ಎರಡೂ ಕೈಗಳನ್ನು ಉಜ್ಜಿಕೊಳ್ಳುತ್ತಾ ಕೂತಿದ್ದರು. ಆ ಒಂದೇ ದಿನ ಅರವತ್ತೆರಡು ಜನರ ಅಂಗೈ ಸತ್ತುಹೋಯಿತು. ಮರಿಬಸವಯ್ಯನವರು ಶೀಶೆಗಳನ್ನೆಲ್ಲ ಮಣ್ಣಿನಲ್ಲಿ ಹೂಳಿಸಿ ಒಂದು ವಾರ ಮನೆಯಿಂದ ಆಚೆ ಬರಲಿಲ್ಲ.

ಕೈ ಸತ್ತವರು ಅಂದಿನಿಂದ ಚಾವಡಿಯ ಒಳಗೆ ಬರುವುದಿಲ್ಲ, ಹೋಟೆಲಿನ ಬೆಂಚುಗಳ ಮೇಲೆ ಕೂರುತ್ತಾರೆ. ಅವರ ಕೈ ಮಡಕೆಯ ನೀರಿನಷ್ಟು ತಣ್ಣಗಿರುತ್ತದೆ. ಬೆಣ್ಣೆ ಉಂಡೆ ಕಟ್ಟಲು ಜನ ಅವರನ್ನೇ ಕರೆಯುತ್ತಾರೆ, ಜ್ವರ ಬಂದ ಹಣೆಗೆ ಒದ್ದೆ ಬಟ್ಟೆಯ ಬದಲು ಅವರ ಕೈ ಇಡಿಸುತ್ತಾರೆ. "ನಮ್ಮನೇಗೆ ಫ್ರಿಜ್ಜು ಯಾಕೆ, ದೇವೀರಿ ನನ್ನೇ ಇಟ್ಕೊಂಡವ್ಳಲ್ಲ" ಎಂದು ನನ್ನ ಗಂಡ ಬೆಂಚಿನಲ್ಲಿ ಕೂತು ಎಲ್ಲರನ್ನೂ ನಗಿಸುತ್ತಿದ್ದರು. ನನಗೆ ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈದವಳು ಅವರ ತಂಗಿ ಚೆಲುವಾಜಮ್ಮ. ಗಾಜನ್ನು ಎಳೆಯಾಗಿ ಎಳೆಯುವುದರಲ್ಲಿ ಅವಳಂಥವಳು ಊರಲ್ಲಿ ಇನ್ನೊಬ್ಬಳಿಲ್ಲ, ಬಾಯಿಯಲ್ಲೂ ಇಲ್ಲ. "ನಮ್ಮಣ್ಣನ ಕೈ ಕೊಂದೋಳು ನೀನು. ನಾನು ಬದುಕಿರೋಗಂಟ ನಿನ್ ಮುಖ ನೋಡಾಕಿಲ್ಲ" ಎಂದು ಬೀದಿಯಲ್ಲಿ ನಿಂತು ಹೇಳಿದಳು. ಹನ್ನೊಂದು ವರ್ಷ ಹಾಗೆಯೇ ನಡೆದುಕೊಂಡಳು.

ತಿಂಗಳಿಗೊಮ್ಮೆ ಹೊಳೆ ದಾಟಿ ಬರುವ ಡಾಕ್ಟರಮ್ಮ ನಮ್ಮ ಪದ್ಧತಿಯನ್ನು ನೋಡಿ ಬೆರಗಾಗಿದ್ದರು. ಬೇರೆ ಊರುಗಳಲ್ಲಿ ಇದೆಲ್ಲ ಒಬ್ಬೊಬ್ಬರ ಮೈಯೊಳಗೇ ನಡೆಯುತ್ತದಂತೆ. ಚರ್ಮದ ಅಡಿಯಲ್ಲಿ ಕೊಂಬೆ ಕೊಂಬೆಯಾಗಿ ಕೈಚಾಚಿಕೊಂಡ ಕೋಶಗಳು ಕಾವಲು ಕೂತಿರುತ್ತವಂತೆ, ಡೆಂಡ್ರಿಟಿಕ್ ಕೋಶ ಎಂದು ಹೆಸರಂತೆ. ಬ್ಯಾಕ್ಟೀರಿಯಾ ನುಗ್ಗಿದರೆ ನುಂಗಿ, ಮುರಿದು, ಅದರ ಚೂರು ಹೊತ್ತುಕೊಂಡು ತೊಡೆಸಂದಿಯ ಅಥವಾ ಕಂಕುಳಿನ ಗ್ರಂಥಿಗೆ ಹೋಗಿ ಅಲ್ಲಿ ಕಾದಿರುವ ಇನ್ನೊಂದು ಜಾತಿಯ ಕೋಶಗಳಿಗೆ ತೋರಿಸುತ್ತವಂತೆ. "ನೀವು ಮಾಡೋದು ಅದೇ ಕೆಲಸ ದೇವೀರಮ್ಮ" ಎಂದರು. ಅಷ್ಟೊಂದು ಜನ ಒಂದು ಮೈಯೊಳಗೆ ಹೇಗಮ್ಮ ಹಿಡಿಸ್ತಾರೆ, ಅವರಿಗೆ ಟೀ ಕಾಸಿಕೊಡೋರು ಯಾರು ಎಂದು ನಾನು ಕೇಳಿದೆ. ಅವರು ನಕ್ಕು ನನ್ನ ಜಡೆಗಳ ಫೋಟೋ ತೆಗೆದುಕೊಂಡು ಹೋದರು.

ಆ ಮಂಗಳವಾರ ಬೆಳಗ್ಗೆ ನಾನು ಅಕ್ಕಿ ಆರಿಸುತ್ತಿದ್ದಾಗ ನನ್ನ ಗಂಡ ಏದುಸಿರು ಬಿಡುತ್ತಾ ಬಂದರು. "ದೇವೀರಿ, ಎದ್ದೇಳು. ಚೆಲುವಿ ಕಾಲಿಗೆ ಗಾಜು ಹೊಕ್ಕಿ ಮೂರ್ ದಿನ ಆಗೈತೆ. ಅರಿಶಿನ ಮೆತ್ಕೊಂಡು ಯಾರ್ಗೂ ಹೇಳ್ದಂಗೆ ಬಿದ್ದವ್ಳೆ." ಯಾಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ. ಹೇಳಿದರೆ ನಾನು ಹೋಗಬೇಕಾಗುತ್ತಿತ್ತು, ನನ್ನ ಮುಖ ನೋಡಬೇಕಾಗುತ್ತಿತ್ತು.

ಅವಳ ಮನೆಗೆ ಹೋಗಿ ಅರಿಶಿನ ತೊಳೆದು ಕಾಲು ನೋಡಿದೆ. ಪಾದ ಊದಿ ಬೆರಳುಗಳೇ ಕಾಣುತ್ತಿರಲಿಲ್ಲ. ಕಣಕಾಲಿನಿಂದ ಒಂದು ಕೆಂಪು ಗೆರೆ ಹೊರಟು ಮೊಣಕಾಲಿನ ಹತ್ತಿರ ಬಂದಿತ್ತು. ಮೈ ಕೆಂಡದಂತೆ ಸುಡುತ್ತಿತ್ತು. ನನ್ನನ್ನು ಕಂಡ ಚೆಲುವಾಜಮ್ಮ ಗೋಡೆಯ ಕಡೆಗೆ ತಿರುಗಿಕೊಂಡಳು, ಅಷ್ಟಾದರೂ ಜೀವವಿದೆಯಲ್ಲ ಎಂದು ನನಗೆ ಸಮಾಧಾನವಾಯಿತು. ಒಲೆಯಿಂದ ಇದ್ದಿಲು ತಂದು ಗೆರೆ ಮುಟ್ಟಿದ ಜಾಗದಲ್ಲಿ ಗುರುತು ಹಾಕಿದೆ. ಡಾಕ್ಟರಮ್ಮನಿಗೆ ಫೋನು ಮಾಡಿದೆವು. ಹೊಳೆಗೆ ದೋಣಿ ಇರುವುದು ದಿನಕ್ಕೊಂದೇ ಸಲ, ಬೆಳಗಿನದು ಆಗಲೇ ಹೋಗಿತ್ತು. "ನಾಳೆ ಬೆಳಗಿನ ದೋಣಿಗೆ ಔಷಧಿ ಹಿಡ್ಕೊಂಡು ಬರ್ತೀನಿ. ಆದ್ರೆ ಆ ಗೆರೆ ತೊಡೆ ದಾಟಿ ವಿಷ ರಕ್ತಕ್ಕೆ ಸೇರಿದ್ರೆ ನಾಳೆ ತನಕ ಉಳಿಯೋದು ಕಷ್ಟ" ಎಂದರು. ನನ್ನ ಗಂಡ ಹೋಗಿ ತಂಗಿಯ ತಲೆಯ ಹತ್ತಿರ ಕೂತು ತಣ್ಣನೆಯ ಕೈಯನ್ನು ಅವಳ ಹಣೆಯ ಮೇಲಿಟ್ಟರು.

ನಾನು ಬಗ್ಗಿ ಗಾಯಕ್ಕೆ ನಾಲಿಗೆ ತಾಗಿಸಿದೆ. ಇಪ್ಪತ್ತಾರು ವರ್ಷ ಸಾವಿರಾರು ಗಾಯ ನೋಡಿದ್ದೆ, ಹೀಗೆ ಎಂದೂ ಆಗಿರಲಿಲ್ಲ. ಬಾಯಿ ಒಮ್ಮೆಲೇ ಒಣಗಿತು. ಹೊಟ್ಟೆಯ ಹಸಿವು ಯಾರೋ ಬಾಗಿಲು ಹಾಕಿದಂತೆ ನಿಂತಿತು. ಬೆನ್ನಿನಿಂದ ಏನೋ ಹತ್ತಿಕೊಂಡು ಬಂದು ತಲೆಗೇರಿತು, ಜಡೆಗಳೆಲ್ಲ ಸೆಟೆದು ನಿಂತವು. ಒಂದನ್ನು ಹಿಡಿದು ನೋಡಿದರೆ ತುದಿಯಲ್ಲಿ ಕಪ್ಪು ಕಾಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಓಟ ಕೊನೆಗೂ ಬಂದಿತ್ತು, ಅದೂ ನನ್ನ ಮುಖ ನೋಡದವಳಿಗಾಗಿ.

ಸೊಂಟದ ನೋವು ಎಲ್ಲಿ ಹೋಯಿತೋ ಗೊತ್ತಿಲ್ಲ, ನಾನು ಓಡಿದೆ. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಬಳೆ ಬೀದಿಯ ಒಲೆಗಳ ನಡುವೆ, ಗಾಜಿನ ಬುಟ್ಟಿಗಳನ್ನು ಹಾರಿಕೊಂಡು ಓಡಿದೆ. ನೋಡಿದವರೆಲ್ಲ ಕೈಯಲ್ಲಿದ್ದುದನ್ನು ಬಿಟ್ಟರು. "ದೇವೀರಮ್ಮಂಗೆ ಬಂತು! ದೇವೀರಮ್ಮಂಗೆ ಬಂತು ಕಣ್ರಪ್ಪೋ!" ಎಂಬ ಕೂಗು ನನಗಿಂತ ಮುಂದೆ ಓಡಿತು. ನಾನು ಮುಟ್ಟುವಷ್ಟರಲ್ಲಿ ಚಾವಡಿ ತುಂಬಿ ಗೋಡೆಗಳು ಊದಲು ಶುರುವಾಗಿದ್ದವು. ಮರಿಬಸವಯ್ಯನವರು ಕಟ್ಟೆಯ ಮೇಲೆ ನಿಂತು ಸಾಲು ಸರಿಮಾಡುತ್ತಿದ್ದರು.

ಮೊದಲ ಸಾಲಿನ ಮೊದಲ ಅಂಗೈಗೆ ಜಡೆ ತಾಗಿಸಿ ಹೇಳಿದೆ. "ಚೆಲುವಾಜಮ್ಮಂಗೆ, ಎಡಗಾಲಿಗೆ, ಗಾಜು ಹೊಕ್ಕಿ ಮೂರ್ ದಿನ. ಕಾಲು ಊದೈತೆ, ಕೆಂಪು ಗೆರೆ ಮೇಲಕ್ಕೆ ಹತ್ತಾ ಐತೆ. ಹಲ್ಲು ಕಚ್ಕೊಂಡು ನರಳ್ತಾವ್ಳೆ." ಆ ಅಂಗೈ ಏನೂ ಹೇಳಲಿಲ್ಲ. ಎರಡನೆಯದೂ ಹೇಳಲಿಲ್ಲ. ಒಬ್ಬರ ನಂತರ ಒಬ್ಬರು, ಬಳೆಗಾರರು, ಕಲಾಯಿಯವರು, ಹೊಸದಾಗಿ ಮದುವೆಯಾದ ಸೊಸೆಯಂದಿರು, ಹಲ್ಲಿಲ್ಲದ ಅಜ್ಜಿಯರು. ತಾಗಿಸಿದಾಗಲೆಲ್ಲ ಕಾಳು ಸ್ವಲ್ಪ ಸವೆಯುತ್ತದೆ, ಸವೆದು ಮುಗಿದರೆ ಇನ್ನೊಂದು ಜಡೆ ಹಿಡಿಯಬೇಕು. ಇನ್ನೂರಾಯಿತು, ಮುನ್ನೂರಾಯಿತು. ನನ್ನ ಗಂಟಲು ಕಟ್ಟಿತು. ನಡುನಡುವೆ ಸುದ್ದಿ ಬರುತ್ತಿತ್ತು, ಗೆರೆ ಮೊಣಕಾಲು ದಾಟಿತು, ತೊಡೆಗೆ ಬಂತು ಎಂದು. ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ ಸಾಲಿನ ಕೊನೆಯ ಅಂಗೈಯೂ ಮುಗಿಯಿತು. ಆರುನೂರು ಜನರಲ್ಲಿ ಒಂದು ಕೈಯೂ ಬಿಸಿಯಾಗಲಿಲ್ಲ.

ಮರಿಬಸವಯ್ಯನವರು ಮೆಲ್ಲಗೆ ಕೆಳಗಿಳಿದು ಬಂದರು. "ಎಷ್ಟು ಜಡೆ ಉಳ್ದೈತವ್ವ?"

"ಎಂಟು."

"ಮುದುಕ್ರು ಕೆಲವ್ರು ತೂಕಡಿಸ್ತಿದ್ರು. ಆ ಸಾಲಿಗೆ ಇನ್ನೊಂದ್ ಸಲ ತೋರ್ಸು."

"ಅಲ್ಲಿ ಇಲ್ಲ ಯಜಮಾನ್ರೆ. ನಿದ್ದೇಲಿದ್ರೂ ಅಂಗೈ ಸುಳ್ಳು ಹೇಳಾಕಿಲ್ಲ. ಇನ್ನೂ ನೋಡ್ದೆ ಇರೋರು ಹೋಟೆಲ್ ಬೆಂಚ್ ಮ್ಯಾಲವ್ರೆ."

ಅವರ ಮುಖ ಕಪ್ಪಿಟ್ಟಿತು. "ಸತ್ತ ಕೈಗೆ ತೋರ್ಸೋದಾ? ಉಳ್ದಿರೋ ಎಂಟನ್ನೂ ನೀರಿಗೆ ಹಾಕ್ದಂಗೆ. ಅದು ತಿರ್ಗಾ ಏಳಾಕಿಲ್ಲ ಕಣವ್ವ, ನಂಗೊತ್ತಿಲ್ವಾ? ಹನ್ನೊಂದು ವರ್ಷದಿಂದ ಅದನ್ನೇ ನೋಡ್ಕೊಂಡು ಬಂದಿವ್ನಿ."

"ಏಳುತ್ತೋ ಇಲ್ವೋ ಯಾರ್ ನೋಡವ್ರೆ? ಕೇಳೋ ಧೈರ್ಯ ನಿಮ್ಗೂ ಬರ್ಲಿಲ್ಲ, ನಂಗೂ ಬರ್ಲಿಲ್ಲ" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿತು. ಅವರು ದಾರಿ ಬಿಟ್ಟರು.

ಬೆಂಚಿನ ಮೇಲಿದ್ದವರು ನಾನು ಬರುವುದನ್ನು ಕಂಡು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡರು. ನಾಚಿಕೆ ಅವರಿಗೆ. "ಕೊಡ್ರಪ್ಪ ಕೈನ, ನಾನೇ ಕೆಡ್ಸಿದ್ದು, ನಾನೇ ಕೇಳ್ತಾ ಇವ್ನಿ" ಎಂದೆ. ಒಬ್ಬೊಬ್ಬರಾಗಿ ಚಾಚಿದರು. ಒಂದು ಜಡೆ ಸವೆಯಿತು, ಎರಡು ಸವೆಯಿತು. ಐವತ್ತೆಂಟು ಕೈ ಮುಗಿಯುವ ಹೊತ್ತಿಗೆ ನನ್ನ ತಲೆಯಲ್ಲಿ ಕಾಳಿದ್ದದ್ದು ಒಂದೇ ಜಡೆಯಲ್ಲಿ. ಅರವತ್ತೆರಡರಲ್ಲಿ ಮೂವರು ತೀರಿಕೊಂಡಿದ್ದರು. ಉಳಿದದ್ದು ಒಬ್ಬರೇ. ಅವರು ಬೆಂಚಿನ ಮೇಲಿರಲಿಲ್ಲ, ತಂಗಿಯ ತಲೆಯ ಹತ್ತಿರ ಕೂತಿದ್ದರು.

ನಾನು ಮತ್ತೆ ಓಡಿದೆ. ಕೈ ಸತ್ತವರೆಲ್ಲ ಯಾಕೋ ನನ್ನ ಹಿಂದೆಯೇ ಎದ್ದು ಬಂದರು.

ಗೆರೆ ತೊಡೆಯ ಮುಕ್ಕಾಲು ಭಾಗ ಏರಿತ್ತು. ಚೆಲುವಾಜಮ್ಮ ಗೋಡೆಯ ಕಡೆ ತಿರುಗಿರಲಿಲ್ಲ, ಕಣ್ಣು ಅರೆತೆರೆದು ಸೂರು ನೋಡುತ್ತಿದ್ದಳು. ಬೆಳಗಿನಿಂದ ಗೆರೆ ಏರಿದಂತೆಲ್ಲ ಹಾಕಿದ ಇದ್ದಿಲಿನ ಗುರುತುಗಳು ಕಾಲಿನುದ್ದಕ್ಕೂ ಏಣಿಯಂತೆ ಮೂಡಿದ್ದವು. ನಾನು ಗಂಡನ ಮುಂದೆ ಕುಕ್ಕರುಗಾಲಿನಲ್ಲಿ ಕೂತು "ಕೈ ಕೊಡಿ" ಎಂದೆ.

"ಉಳ್ದಿರೋ ಒಂದ್ನ ನಂಗ್ಯಾಕೆ ಹಾಳ್ ಮಾಡ್ತೀಯ ದೇವೀರಿ? ಇದ್ರಾಗೆ ಏನೂ ಇಲ್ಲ ಅಂತ ನಿಂಗೊತ್ತಲ್ಲ" ಎಂದರು. ಆದರೂ ಕೊಟ್ಟರು. ನಾನು ಜಡೆ ತಾಗಿಸಿ ಹೇಳಿದೆ. ಚೆಲುವಾಜಮ್ಮಂಗೆ, ಎಡಗಾಲಿಗೆ, ಗಾಜು ಹೊಕ್ಕಿ ಮೂರ್ ದಿನ. ಆ ಕೈ ಕಲ್ಲಿನಂತೆ ತಣ್ಣಗೇ ಇತ್ತು. ಕಾಳು ಅರ್ಧ ಸವೆಯಿತು.

ಆಗ ನನ್ನ ದನಿ ನನಗೆ ಕೇಳಿಸಿತು. ಆರುನೂರು ಸಲ ಹೇಳಿ ಹೇಳಿ ಅದು ಒಣಗಿ ಹೋಗಿತ್ತು. ಮೂರನೇ ಶೀಶೆ ಎಂದಿದ್ದ ದನಿಯೇ ಅದು. ಆವತ್ತೂ ನಾನು ಹೀಗೇ ಹೇಳಿದ್ದೆ, ಹೀಗೇ ಇವರ ಮುಖ ನೋಡದೆ. ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತೆಂದರೆ ಅಲ್ಲೇ ಕೆನ್ನೆಗೆ ಹೊಡೆದುಕೊಳ್ಳುವಂತಾಯಿತು. ಜಡೆಯನ್ನು ಅವರ ಅಂಗೈಯಲ್ಲಿಟ್ಟು ಎರಡೂ ಕೈಗಳಿಂದ ಮುಚ್ಚಿ ಹಿಡಿದೆ.

"ಇಲ್ನೋಡಿ, ನನ್ ಮುಖ ನೋಡಿ. ಆವತ್ತು ನಿಮ್ ಕೈ ಬಿಸಿಯಾದಾಗ ನಾನು ನಿಂತು ನೋಡ್ಲಿಲ್ಲ. ನೀವು ಅಷ್ಟು ಖುಷಿ ಪಟ್ರಿ, ನಾನು ಮುಂದಿನ ಸಾಲಿಗೆ ಹೋದೆ. ಹನ್ನೊಂದು ವರ್ಷ ನೀವು ಎಲ್ರುನೂ ನಗಿಸ್ತಾ ಕೂತ್ರಿ, ನಾನು ಒಳಗೊಳಗೇ ಸತ್ತೆ. ತಪ್ಪಾಯ್ತು ಅಂತ ಒಂದ್ಸಲಾನೂ ಅನ್ಲಿಲ್ಲ. ನಿಮ್ ತಂಗಿ ಆವತ್ತು ಬೀದೀಲಿ ಅಂದಿದ್ದು ಸುಳ್ಳಲ್ಲ. ಮೂರ್ ದಿನ ಈ ಕಾಲು ಇಟ್ಕೊಂಡು ಬಾಯಿಗೆ ಸೆರಗು ತುರುಕ್ಕೊಂಡು ಬಿದ್ದವ್ಳೆ. ಯಾಕ್ ಗೊತ್ತಾ, ನಿಮ್ ಕೈಗೆ ಆಗಿದ್ ನೋವ ಅವಳು ಇನ್ನೂ ಬಿಟ್ಟಿಲ್ಲ. ನೀವು ಚಿಕ್ಕೋರಾಗಿದ್ದಾಗ ಹೆಗಲ ಮ್ಯಾಲೆ ಹೊತ್ಕೊಂಡು ತಿರುಗ್ತಿದ್ರಲ್ಲ, ಅದೇ ಚೆಲುವಿ. ಅವಳು ಹೋಗ್ತಾ ಅವ್ಳೆ ಕಣ್ರಿ. ನಂಗ್ ಭಯ ಆಯ್ತದೆ. ನಿಮ್ ಕೈ ಬಿಟ್ರೆ ಈ ಊರಾಗೆ ಅವಳಿಗೆ ಇನ್ಯಾರೂ ಇಲ್ಲ."

ನಾನು ಅಳುತ್ತಿದ್ದೆ. ಅವರೂ ಅಳುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಅವರು ತಮ್ಮ ಕೈಯನ್ನು ಒಂದು ಥರಾ ನೋಡಿಕೊಂಡರು. "ನಿನ್ ಕಣ್ಣೀರು ಇಷ್ಟ್ ಬಿಸಿ ಐತೆ ಅನ್ಕೊಂಡೆ" ಎಂದರು. ಅದು ಕಣ್ಣೀರಲ್ಲ. ನನ್ನ ಕೈಗಳ ನಡುವೆ ಅವರ ಅಂಗೈ ಮೊದಲು ಉಗುರುಬೆಚ್ಚಗಾಯಿತು, ಆಮೇಲೆ ಬಿಸಿಲಿಗಿಟ್ಟ ತಾಮ್ರದ ಚೆಂಬಿನಂತಾಯಿತು, ಕೊನೆಗೆ ಹಿಡಿದುಕೊಳ್ಳಲಾರದೆ ನಾನೇ ಬಿಟ್ಟೆ. ಅವರು ದಡಕ್ಕನೆ ಎದ್ದು ನಿಂತು ಬಾಗಿಲ ಕಡೆಗೆ ಕೂಗಿದರು. "ಬನ್ರೋ! ಯಾವನಾದ್ರೂ ನನ್ ಕೈ ಹಿಡ್ಕೊಳ್ರೋ!"

ಬಾಗಿಲಲ್ಲಿ ನಿಂತಿದ್ದವರು ಕೈ ಸತ್ತವರೇ. ಮೊದಲು ಹಿಡಿದವನು ಬೆಣ್ಣೆ ಕಟ್ಟಲು ಹೋಗುವ ಸಿದ್ದಪ್ಪಾಜಿ, ಹಿಡಿದವನೇ ಅಯ್ಯಯ್ಯಪ್ಪಾ ಎಂದು ಕುಣಿದ. ಅವನಿಂದ ಪಕ್ಕದವನಿಗೆ, ಪಕ್ಕದವನಿಂದ ಹಿಂದಿನವಳಿಗೆ. ಹನ್ನೊಂದು ವರ್ಷ ತಣ್ಣಗಿದ್ದ ಕೈಗಳು ಒಂದರ ಹಿಂದೊಂದು ಹೊತ್ತಿಕೊಂಡವು. ನಾನು ಎಷ್ಟೋ ಓಟ ನೋಡಿದ್ದೇನೆ, ಬಿಸಿ ಇಷ್ಟು ಬೇಗ ಹರಡಿದ್ದನ್ನು ಕಂಡಿರಲಿಲ್ಲ. ಬೀದಿಯ ಕೊನೆಗೆ ಮುಟ್ಟಿ, ಚಾವಡಿಗೆ ಮುಟ್ಟಿ, ಅಲ್ಲಿ ತಲೆಮೇಲೆ ಕೈಹೊತ್ತು ಕೂತಿದ್ದ ಆರುನೂರು ಜನರನ್ನೂ ಎಬ್ಬಿಸಿತು. ಬಳೆ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮರಿಬಸವಯ್ಯನವರು ರುಮಾಲು ಕಂಕುಳಿಗೆ ಸಿಕ್ಕಿಸಿಕೊಂಡು ಓಡಿಬಂದು ಮುಂದೆ ನುಗ್ಗಲು ನೋಡಿದರು. "ಸಾಲಾಗ್ ಬನ್ನಿ ಯಜಮಾನ್ರೆ" ಎಂದು ಸಿದ್ದಪ್ಪಾಜಿ ಅವರನ್ನು ಹಿಂದಕ್ಕೆ ನಿಲ್ಲಿಸಿದ. ಅವರು ಹೋಗಿ ಕೊನೆಯಲ್ಲಿ ನಿಂತರು.

ನನ್ನ ಗಂಡ ಮೊದಲು ಕಾಲಿನ ಮೇಲೆ ಕೈಯಿಟ್ಟರು, ಗೆರೆಯ ತುದಿಗೆ ಅಡ್ಡವಾಗಿ. ಅದರ ಪಕ್ಕದಲ್ಲಿ ಸಿದ್ದಪ್ಪಾಜಿಯ ಕೈ, ಅದರ ಪಕ್ಕದಲ್ಲಿ ಇನ್ನೊಂದು. ಒಬ್ಬರು ದಣಿದರೆ ಇನ್ನೊಬ್ಬರು. ಗೆರೆ ನಿಂತಿತು. ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಬಹಳ ಹೊತ್ತು ಅಲ್ಲೇ ನಿಂತಿತ್ತು. ಆಮೇಲೆ ಮೇಲಿನ ಗುರುತಿನಿಂದ ಒಂದು ಬೆರಳಿನಷ್ಟು ಕೆಳಗೆ ಸರಿಯಿತು. "ಇಳೀತು!" ಎಂದು ನಾನು ಕಿರುಚಿದೆ. "ಇಳೀತು!" ಎಂದು ಬಾಗಿಲು ಕೂಗಿತು, ಬೀದಿ ಕೂಗಿತು. ಒಂದೊಂದು ಇದ್ದಿಲಿನ ಗುರುತು ದಾಟಿದಾಗಲೂ ನಾನು ಒಳಗಿನಿಂದ ಹೇಳುವುದು, ಊರು ಹೊರಗಿನಿಂದ ಕೂಗುವುದು. ಒಲೆ ಕಾಯುವವರು ಒಲೆ ಬಿಟ್ಟು ಬಂದಿದ್ದರು. ಅವತ್ತು ಊರಿನಲ್ಲಿ ಒಂದು ಬಳೆಯೂ ಆಗಲಿಲ್ಲ. ಆದರೆ ಅಂಥ ಸದ್ದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಹೆಂಗಸರು ಗಂಡಸರು ಎನ್ನದೆ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಕೈ ಸತ್ತವರನ್ನು ಜನ ಹೆಗಲ ಮೇಲೆ ಎತ್ತಿಕೊಂಡು, ಅವರ ಕೈಗಳನ್ನು ತಮ್ಮ ತಲೆಯ ಮೇಲೆ ಇಡಿಸಿಕೊಳ್ಳುತ್ತಿದ್ದರು. ನನ್ನ ಹೇನಿನ ಕತೆ ಹೇಳಿ ನಗುತ್ತಿದ್ದ ಕಲಾಯಿಯವನು ಬಂದು ನನ್ನ ಪಾದ ಮುಟ್ಟಿದ. ಚಪ್ಪಲಿ ಹಾಕಿಕೋ ಹೋಗು ಎಂದೆ.

ಸೂರ್ಯ ಮುಳುಗುವ ಹೊತ್ತಿಗೆ ಗೆರೆ ಕಣಕಾಲಿನೊಳಗೆ ಇಳಿದು ಕಾಣದಾಯಿತು. ಗಾಯದಿಂದ ಕೀವು ಸುರಿದು, ಅದರ ಜೊತೆಗೆ ಒಂದು ಹಸಿರು ಗಾಜಿನ ಚೂರು ಆಚೆ ಬಂತು. ಅಕ್ಕಿಯ ನುಚ್ಚಿನಷ್ಟೂ ಇರಲಿಲ್ಲ ಅದು. ಚೆಲುವಾಜಮ್ಮನ ಮೈ ಬೆವರಿತು. ಜ್ವರ ಬಿಟ್ಟಿತ್ತು. ನಾಳೆ ಡಾಕ್ಟರಮ್ಮ ಬಂದು ಔಷಧಿ ಕೊಡಲಿ, ಅದೂ ಬೇಕು. ಆದರೆ ಅವರು ಬರುವ ತನಕ ಇವಳು ಇರುತ್ತಾಳೆ ಎಂಬುದು ಎಲ್ಲರಿಗೂ ಗೊತ್ತಾಗಿತ್ತು.

ಅವಳು ಕಣ್ಣು ತೆರೆದಳು. ಮನೆಯ ತುಂಬ ಜನ, ಕಿಟಕಿಯ ತುಂಬ ಮುಖ, ಕಾಲಿನ ಮೇಲೆ ಹದಿನಾರು ಕೈ. ಎಲ್ಲರ ಕಣ್ಣಲ್ಲೂ ನೀರು. ಪಕ್ಕದಲ್ಲಿ ನಾನು, ಮುಖ ತಿರುಗಿಸಿಕೊಳ್ಳಲು ಅವಳಿಗೆ ಜಾಗವೇ ಇರಲಿಲ್ಲ. ನನ್ನನ್ನು ಒಂದು ಗಳಿಗೆ ನೋಡಿದಳು.

"ಯಾಕೆ ಅತ್ಗೆ, ಎಲ್ರೂ ಅಳ್ತಾ ಅವ್ರೆ?" ಎಂದಳು. "ನಾನೇನ್ ಸತ್ತೋದ್ನಾ?"

ನನ್ನ ಗಂಡ ಅವಳ ಕೈಯನ್ನು ತಮ್ಮ ಕೈಗೆ ತೆಗೆದುಕೊಂಡರು.

"ಇಲ್ಲ ಕಣವ್ವ" ಎಂದರು. "ನಾನು ಬದುಕ್ಕೊಂಡೆ."